ಎಂಬತ್ತು ಟನ್ನಿನ ಇಂಜಿನ್ನು

ಹಬೆರಾಯರ ಇಂಜಿನ್ನಿನ ತೂಕ ಎಂಬತ್ತು ಟನ್, ಉದ್ದ ಅರವತ್ತಾರು ಅಡಿ. ಅದು ಅವರ ಮನೆಗೆ ಅಂಟಿಕೊಂಡಿದ್ದ ಶೆಡ್ಡಿನಲ್ಲಿ, ಒಂದು ಮೇಜಿನ ಮೇಲೆ, ಹಳೆಯ ಬೆಡ್‌ಶೀಟ್ ಹೊದ್ದುಕೊಂಡು ನಿಂತಿತ್ತು.

ಇದು ಹೇಗೆ ಸಾಧ್ಯ ಎಂದು ಹುಬ್ಬೇರಿಸುವವರು ಪುಟ್ಟ ಇಂಜಿನ್ ಕಟ್ಟುವ ಹುಚ್ಚಿನವರ ಸಹವಾಸ ಮಾಡಿದವರಲ್ಲ ಎಂದೇ ಹೇಳಬೇಕು. ಈ ಜನ ಎಂದೋ ಓಡಿ ಗುಜರಿಗೆ ಹೋದ ದೊಡ್ಡ ಉಗಿ ಇಂಜಿನ್ನಿನ ನಕ್ಷೆಯನ್ನು ಎದುರಿಗೆ ಹರಡಿಕೊಂಡು, ಅದರಲ್ಲಿರುವ ಪ್ರತಿಯೊಂದು ಅಳತೆಯನ್ನೂ ಹನ್ನೆರಡರಿಂದ ಭಾಗಿಸಿ, ತಾಮ್ರ ಹಿತ್ತಾಳೆ ಉಕ್ಕನ್ನೆಲ್ಲ ಕೊರೆದು, ಉಜ್ಜಿ, ಬೆಸೆದು, ವರ್ಷಗಟ್ಟಲೆ ಕೂತು ಅದನ್ನು ಮಂಚದುದ್ದಕ್ಕೆ ಇಳಿಸುತ್ತಾರೆ. ಒಳಗೆ ನಿಜವಾದ ಬೆಂಕಿ, ನಿಜವಾದ ನೀರು, ನಿಜವಾದ ಹಬೆ. ಆದರೆ ಭಾಗಾಕಾರ ಮಾಡುವುದು ಕೈ ಮಾತ್ರ, ಬಾಯಿ ಯಾವತ್ತೂ ಮಾಡುವುದಿಲ್ಲ. ಚಕ್ರ ಎಷ್ಟು ದೊಡ್ಡದು ಎಂದು ಕೇಳಿದರೆ ಸಾಸರಿನಷ್ಟಗಲದ ಚಕ್ರವನ್ನು ಕೈಯಲ್ಲಿ ಹಿಡಿದುಕೊಂಡೇ "ಆರಡಿ" ಎನ್ನುತ್ತಾರೆ. ಸುಳ್ಳು ಹೇಳುವ ಉದ್ದೇಶ ಅವರಿಗೆ ಇರುವುದಿಲ್ಲ. ನಕ್ಷೆಯಲ್ಲಿ ಆರಡಿ ಎಂದೇ ಬರೆದಿದೆ, ಅವರು ಬದುಕುವುದೂ ನಕ್ಷೆಯಲ್ಲೇ.

ಹಬೆರಾಯರು ಎನ್ನುವುದು ಓಣಿಯವರು ಇಟ್ಟ ಹೆಸರು. ರೈಲ್ವೆಯಲ್ಲಿ ಇಡೀ ಸರ್ವೀಸು ಮುಗಿಸಿ ಬಂದ ಮನುಷ್ಯ ಬಾಯಿ ತೆರೆದರೆ ಹಬೆ, ಬಾಯ್ಲರ್, ಒತ್ತಡ ಎನ್ನುತ್ತಿದ್ದುದರಿಂದ ಅದು ತಾನಾಗಿಯೇ ಅಂಟಿಕೊಂಡಿತು. ರಾಯರು ಕೆಲಸ ಮಾಡಿದ್ದು ಮಾತ್ರ ವೇಳಾಪಟ್ಟಿ ಅಚ್ಚು ಮಾಡುವ ವಿಭಾಗದಲ್ಲಿ. ಒಂಬತ್ತು ಗಂಟೆ ಹದಿನೈದಕ್ಕೆ ಬರುವ ಗಾಡಿ ಅಚ್ಚಿನಲ್ಲಿ ಐದು ಗಂಟೆ ಹತ್ತೊಂಬತ್ತಕ್ಕೆ ಬಾರದಂತೆ ನೋಡಿಕೊಳ್ಳುವುದು ಅವರ ಹೊಣೆಯಾಗಿತ್ತು. ಸಾವಿರಾರು ರೈಲುಗಳು ಅವರ ಪೆನ್ಸಿಲ್ಲಿನ ಕೆಳಗೆ ಹಾದುಹೋದವು. ಒಂದೇ ಒಂದು ಇಂಜಿನ್ನಿನ ಮೆಟ್ಟಿಲನ್ನೂ ಅವರು ಹತ್ತಲಿಲ್ಲ, ಒಂದೇ ಒಂದು ಸೀಟಿಯನ್ನೂ ಎಳೆಯಲಿಲ್ಲ. ಈ ಕೊರಗು ನಿವೃತ್ತಿಯ ದಿನ ಹಾರದ ಜೊತೆಗೆ ಅವರ ಕೊರಳಿಗೆ ಬಿದ್ದು, ಹಾರ ಬಾಡಿದ ಮೇಲೂ ಹಾಗೇ ಉಳಿಯಿತು. ಮರುವಾರವೇ ಅವರು ಲೋಹ ಕಡೆಯುವ ಒಂದು ಸೆಕೆಂಡ್ ಹ್ಯಾಂಡ್ ಲೇತ್ ತಂದು ಶೆಡ್ಡಿನಲ್ಲಿ ಕೂರಿಸಿದರು.

ಶೆಡ್ಡಿನೊಳಗೆ ಓಣಿಯವರಿಗೆ ಪ್ರವೇಶವಿರಲಿಲ್ಲ. ಅದಕ್ಕೆ ಕಾರಣ ಎದುರು ಮನೆಯ ಟೈಲರ್. ಮೊದಮೊದಲು ಒಂದು ದಿನ ಆತ ಬಾಗಿಲಲ್ಲಿ ಇಣುಕಿ, ಆಗಷ್ಟೇ ತಯಾರಾಗಿದ್ದ ಚಕ್ರವನ್ನು ನೋಡಿ, "ಚೆನ್ನಾಗಿದೆ ರಾಯರೇ, ಆಟದ ಸಾಮಾನಾ?" ಎಂದು ಕೇಳಿಬಿಟ್ಟಿದ್ದ. ಪಾಪ, ಹೊಗಳಿಯೇ ಕೇಳಿದ್ದ. ರಾಯರು ಬಾಗಿಲು ಹಾಕಿಕೊಂಡವರು ಆರು ವರ್ಷ ಯಾರಿಗೂ ತೆರೆಯಲಿಲ್ಲ. ಒಳಗಿಂದ ಬರುವ ಕರ್ರೋ ಎನ್ನುವ ಸದ್ದನ್ನು ಕೇಳಿಸಿಕೊಂಡ ಓಣಿ, ರೈಲ್ವೆಯವರು ಈ ವಯಸ್ಸಿನಲ್ಲೂ ಅವರಿಗೆ ಏನೋ ಗುಟ್ಟಿನ ಕೆಲಸ ಕೊಟ್ಟಿದ್ದಾರೆ ಎಂದು ತೀರ್ಮಾನಿಸಿ, ಗೌರವ ಕೊಟ್ಟು ಸುಮ್ಮನಿತ್ತು.

ಸುಮ್ಮನಿರದವನು ಒಬ್ಬನೇ, ರಾಯರ ಭಾವಮೈದ. ಅವನದು ಪ್ಲಾಸ್ಟಿಕ್ ಕುರ್ಚಿಗಳನ್ನು ಬಾಡಿಗೆಗೆ ಕೊಡುವ ವ್ಯಾಪಾರ. ಕುರ್ಚಿಗಳು ಬಾಡಿಗೆಗೆ ಹೋಗದ ದಿನ ಅವನ ಮನೆಯಲ್ಲಿ ಮನುಷ್ಯರಿಗೆ ಜಾಗವಿರುತ್ತಿರಲಿಲ್ಲ. ಹೀಗಾಗಿ ಅಕ್ಕನ ಶೆಡ್ಡಿನ ಮೇಲೆ ಅವನ ಕಣ್ಣು ಬಿದ್ದಿತ್ತು. ಬಂದಾಗಲೆಲ್ಲ ಶೆಡ್ಡಿನ ಗೋಡೆಯನ್ನು ಒಮ್ಮೆ ತಟ್ಟಿ ನೋಡಿ, "ಒಳ್ಳೇ ಜಾಗ ಅಕ್ಕ, ಸುಮ್ನೆ ಹಾಳಾಗ್ತಿದೆ" ಎಂದು ನಿಟ್ಟುಸಿರು ಬಿಟ್ಟೇ ಹೋಗುತ್ತಿದ್ದ.

ರಾಯರ ಹೆಂಡತಿ ನ್ಯಾಯವಂತೆ. ಆರು ವರ್ಷ ಗಂಡನ ಅಂಗಿಯ ತೋಳಿನಿಂದ ಎಣ್ಣೆ ಕಲೆ ತೆಗೆದಿದ್ದಳು, ಬೇಳೆ ಡಬ್ಬಿಯಲ್ಲಿ ಸ್ಕ್ರೂ ಸಿಕ್ಕಾಗ ತೊಳೆದು ಮರಳಿಸಿದ್ದಳು. ಕೊನೆಗೆ ಒಂದು ದಿನ ತಮ್ಮ ಎದುರಿಗಿರುವಾಗಲೇ ತೀರ್ಪು ಕೊಟ್ಟಳು.

"ನೋಡ್ರಿ, ನಾನು ಯಾರ ಪರಾನೂ ಇಲ್ಲ. ತಿಂಗಳ ಕೊನೇ ಭಾನುವಾರ ನಿಮ್ಮ ಇಂಜಿನ್ನು ನನ್ನ ಕಣ್ಣೆದುರಿಗೆ ಓಡ್ಬೇಕು. ಓಡಿದ್ರೆ ಶೆಡ್ಡು ನಿಮ್ದು. ಓಡ್ಲಿಲ್ಲ ಅಂದ್ರೆ ಕುರ್ಚಿ ಬರ್ತವೆ."

"ಓಡುತ್ತೆ. ಗಂಟೆಗೆ ಅರವತ್ತು ಮೈಲಿ," ಎಂದರು ರಾಯರು.

ಭಾವಮೈದ ಎದ್ದು ಹೋಗಿ ಶೆಡ್ಡಿನ ಗೋಡೆಯನ್ನು ಮತ್ತೊಮ್ಮೆ ತಟ್ಟಿ ಬಂದ.

ಓಡಬೇಕೆಂದರೆ ಹಳಿ ಬೇಕು. ರಾಯರು ಮಾರನೆಯ ಬೆಳಗ್ಗೆ ಬೆಳಕು ಹರಿಯುತ್ತಲೇ ದಾರದುಂಡೆ, ಸೀಮೆಸುಣ್ಣ ಹಿಡಿದು ಓಣಿಗಿಳಿದರು. ತಮ್ಮ ಶೆಡ್ಡಿನ ಬಾಗಿಲಿನಿಂದ ಓಣಿಯ ಬಾಯಿಯ ತನಕ ಗೋಡೆಯ ಅಂಚಿಗೆ ಗೆರೆ ಎಳೆಯುತ್ತ, ಅಲ್ಲಲ್ಲಿ ಜನರ ಮೆಟ್ಟಿಲುಗಳ ಮೇಲೆ ಗುಣಾಕಾರದ ಗುರುತು ಹಾಕುತ್ತ, ಮೊಣಕಾಲೂರಿಕೊಂಡು ಮುಂದುವರಿದರು. ಕೊನೆಯ ಗೇಟಿನ ಹತ್ತಿರ ಅವರ ತಲೆ ಎರಡು ಚಪ್ಪಲಿಗಳ ಎದುರು ಬಂದು ನಿಂತಿತು. ಚಪ್ಪಲಿಯಲ್ಲಿದ್ದವರು ಓಣಿ ನಿವಾಸಿಗಳ ಸಂಘದ ಅಧ್ಯಕ್ಷರು.

ಅಧ್ಯಕ್ಷರು ಸಭೆಯಿಲ್ಲದೆ ಬದುಕಲಾರದ ಮನುಷ್ಯ. ಮನೆಯಲ್ಲಿ ಹಾಲು ಉಕ್ಕಿದರೂ ಅದರ ಬಗ್ಗೆ ಚರ್ಚೆಯಾಗಬೇಕು ಎನ್ನುವವರು.

"ಒಂದು ವಿಷಯ ಸ್ಪಷ್ಟ ಆಗ್ಬೇಕು ರಾಯರೇ. ಇದೇನು ಅಳತೆ?"

"ಲೈನು ಹಾಕ್ತಾ ಇದೀನಿ," ಎಂದರು ರಾಯರು, ತಲೆಯೆತ್ತದೆ.

"ಯಾವ ಲೈನು?"

"ರೈಲ್ವೆ ಲೈನು. ನಂಗೆ ಇನ್ಯಾವ ಲೈನು ಹಾಕೋಕೆ ಬರುತ್ತೆ ಹೇಳಿ."

"ಇದರ ಮೇಲೆ... ಏನು ಹೋಗುತ್ತೆ?"

"ಉಗಿ ಇಂಜಿನ್ನು. ಎಂಬತ್ತು ಟನ್ನು. ಟೆಂಡರಿನ ತೂಕ ಸೇರಿಸಿಲ್ಲ, ಅದು ಬೇರೆ." ಟೆಂಡರ್ ಎಂದರೆ ಇಂಜಿನ್ನಿನ ಬೆನ್ನಿಗೆ ಕಲ್ಲಿದ್ದಲು, ನೀರು ಹೊತ್ತುಕೊಂಡು ಬರುವ ಗಾಡಿ. ಅಧ್ಯಕ್ಷರಿಗೆ ಅದು ಗೊತ್ತಿರಲಿಲ್ಲ. ಆದರೆ ಎಂಬತ್ತು ಟನ್ ಸಾಲದೆ ಇನ್ನೂ ಏನೋ ಬೇರೆ ಇದೆ ಎನ್ನುವುದು ಅವರಿಗೆ ಚೆನ್ನಾಗಿ ಅರ್ಥವಾಯಿತು.

"ಯಾವಾಗ?"

"ತಿಂಗಳ ಕೊನೇ ಭಾನುವಾರ. ದಯವಿಟ್ಟು ನೀವೂ ಬರ್ಬೇಕು."

ಅಧ್ಯಕ್ಷರು ಮನೆಯೊಳಗೆ ಹೋಗಿ ಎರಡು ಲೋಟ ನೀರು ಕುಡಿದು ಸಭೆ ಕರೆದರು.

ಸಭೆ ಅಧ್ಯಕ್ಷರ ಜಗಲಿಯಲ್ಲಿ ನಡೆಯಿತು. ಸಂಘದ ಚರಿತ್ರೆಯಲ್ಲೇ ಮೊದಲ ಬಾರಿಗೆ ಎಲ್ಲರೂ ಬಂದಿದ್ದರು, ಏಕೆಂದರೆ ಗುಣಾಕಾರದ ಗುರುತು ಎಲ್ಲರ ಮೆಟ್ಟಿಲ ಮೇಲೂ ಇತ್ತು. ಮನೆ ಒಡೆಯುತ್ತಾರೆ ಎಂದರು ಕೆಲವರು. ಒಡೆದರೆ ಪರಿಹಾರ ಕೊಡುತ್ತಾರೆ ಎಂದರು ಇನ್ನು ಕೆಲವರು. ಪರಿಹಾರ ಎಂಬ ಮಾತು ಬಿದ್ದ ಕೂಡಲೇ, ಅದುವರೆಗೆ ತಮ್ಮ ಮನೆ ಗಟ್ಟಿಮುಟ್ಟಾಗಿದೆ ಎಂದು ಹೇಳಿಕೊಳ್ಳುತ್ತಿದ್ದವರು ಅದು ಹೇಗೂ ಬೀಳುವುದರಲ್ಲಿತ್ತು ಎಂದು ಒಪ್ಪಿಕೊಂಡರು. ಮೂಲೆ ಮನೆಯ ಸಂಗೀತದ ಟೀಚರಿಗೆ ಒಂದೇ ಚಿಂತೆ.

"ಸೀಟಿ ಯಾವ ಶ್ರುತಿಯಲ್ಲಿ ಇರುತ್ತೆ? ನನ್ನ ಪಾಠದ ಹೊತ್ತಲ್ಲಿ ಅಪಶ್ರುತಿಯಾಗಿ ಕೂಗಿದ್ರೆ ನಾನು ಈ ಓಣೀಲಿ ಇರೋದಿಲ್ಲ."

ಟೈಲರ್ ಮಾತ್ರ ಕುಣಿಯುತ್ತಿದ್ದ. "ರೈಲು ಬಂದ್ರೆ ಜನ ಬರ್ತಾರೆ. ಜನ ಬಂದ್ರೆ ಗುಂಡಿ ಕಿತ್ತಿರುತ್ತೆ, ಹೊಲಿಗೆ ಬಿಚ್ಚಿರುತ್ತೆ. ನನ್ನ ಅಂಗಡಿ ಮುಂದೆ ಒಂದು ನಿಮಿಷ ನಿಲ್ಸಿದ್ರೂ ಸಾಕು."

ಎಲ್ಲರೂ ಸೇರಿ ರಾಯರ ಮನೆಗೆ ಹೊರಟರು. ಬಾಗಿಲು ತೆರೆದ ರಾಯರು ಇಡೀ ಓಣಿ ತಮ್ಮ ಇಂಜಿನ್ನಿನ ಬಗ್ಗೆ ವಿಚಾರಿಸಲು ಬಂದದ್ದನ್ನು ಕಂಡರು. ಯಾರೂ ಆಟದ ಸಾಮಾನು ಎನ್ನಲಿಲ್ಲ. ಎಲ್ಲರ ಮುಖದಲ್ಲೂ ಭಯಭಕ್ತಿ ಇತ್ತು. ರಾಯರಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

"ವೇಗ ಎಷ್ಟು?" ಎಂದು ಅಧ್ಯಕ್ಷರು ವಿಚಾರಣೆ ಆರಂಭಿಸಿದರು.

"ಅರವತ್ತು ಮೈಲಿ. ಆದ್ರೆ ಓಣೀಲಿ ಅಷ್ಟೆಲ್ಲ ಬೇಡ ಅಂತಿದೀನಿ."

"ಒಳ್ಳೇದು. ಮನೆಗಳು ಒಡೀಬೇಕಾಗುತ್ತಾ?"

"ಛೆ, ಎಂಥಾ ಮಾತು. ಮೆಟ್ಟಿಲು ಒಂಚೂರು ಅಡ್ಡ ಬರ್ತವೆ. ಬಳಸ್ಕೊಂಡು ಹೋಗ್ತೀನಿ."

ಪರಿಹಾರದ ಗುಂಪಿನವರ ಮುಖ ಸಣ್ಣದಾಯಿತು.

"ನಮ್ಮ ಅಂಗಡಿ ಮುಂದೆ ನಿಲ್ಲುತ್ತಾ ರಾಯರೇ?" ಎಂದು ಟೈಲರ್ ಕೈಮುಗಿದ.

ಆರು ವರ್ಷದ ಹಿಂದಿನ ಮಾತು ರಾಯರಿಗೆ ನೆನಪಾಯಿತು. ಆದರೂ ಗೆದ್ದವನಿಗೆ ದಾಕ್ಷಿಣ್ಯ ಬರುತ್ತದೆ. "ನಿಲ್ಸೋಣ" ಎಂದರು.

"ಕೊನೇ ನಿಲ್ದಾಣ?" ಎಂದರು ಅಧ್ಯಕ್ಷರು.

"ನಿಮ್ಮ ಗೇಟು. ಅಲ್ಲಿಗೆ ಲೈನು ಮುಗೀತು."

ಬಾಳಿನಲ್ಲಿ ಅಧ್ಯಕ್ಷರು ಎಷ್ಟೋ ಸಭೆಗಳ ಅಧ್ಯಕ್ಷತೆ ವಹಿಸಿದ್ದರು, ಆದರೆ ಅವರ ಗೇಟಿನಲ್ಲಿ ಯಾವ ರೈಲೂ ಬಂದು ಮುಗಿದಿರಲಿಲ್ಲ. ವಿರೋಧಿಸಲು ಬಂದವರು ಅಲ್ಲೇ ಪಕ್ಷ ಬದಲಾಯಿಸಿದರು.

"ಸೀಟಿ?" ಎಂದರು ಟೀಚರ್.

"ಐದು ಮೈಲಿ ಕೇಳಿಸುತ್ತೆ," ಎಂದರು ರಾಯರು ಹೆಮ್ಮೆಯಿಂದ. ನಕ್ಷೆಯ ಅಂಚಿನಲ್ಲಿ ಹಾಗೆಯೇ ಬರೆದಿತ್ತು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಕೇಳುವ ಕಿವಿಗಳು ಸಿಕ್ಕಿದ್ದು ಆರು ವರ್ಷದ ಮೇಲೆ. "ಇದರ ಬಾಯ್ಲರ್ ಅಂದ್ರೆ ಸಾಮಾನ್ಯ ಅಲ್ಲ. ಸರ್ಕಾರದ ಬಾಯ್ಲರ್ ಇನ್ಸ್‌ಪೆಕ್ಟರ್ ಬಂದು ಪರೀಕ್ಷೆ ಮಾಡಿ ಮುದ್ರೆ ಒತ್ತಬೇಕು, ಅಂಥಾ ಬಾಯ್ಲರ್ ಇದು."

"ಒತ್ತಿದಾರಾ?"

"ಇನ್ನೂ ಇಲ್ಲ."

ಅಧ್ಯಕ್ಷರಿಗೆ ಆತಂಕವಾಯಿತು. ತಮ್ಮ ನಿಲ್ದಾಣ ಒಂದು ಮುದ್ರೆಯಿಂದಾಗಿ ತಪ್ಪಿಹೋಗಬಾರದು. ರಾಯರಿಗೆ ಉಪಕಾರ ಮಾಡುವ ಒಂದೇ ಉದ್ದೇಶದಿಂದ ಮನೆಗೆ ಹೋದವರೇ ಇನ್ಸ್‌ಪೆಕ್ಟರ್ ಕಚೇರಿಗೆ ಫೋನ್ ಮಾಡಿ, ನಮ್ಮ ಓಣಿಯಲ್ಲಿ ಎಂಬತ್ತು ಟನ್ನಿನ ಬಾಯ್ಲರ್ ಇದೆ, ಭಾನುವಾರ ಬೆಂಕಿ ಹಾಕುತ್ತಾರೆ, ಮುದ್ರೆ ಬಿದ್ದಿಲ್ಲ ಎಂದು ತಿಳಿಸಿದರು. ಆ ಕಡೆಯವರು ವಿಳಾಸವನ್ನು ಎರಡೆರಡು ಸಲ ಕೇಳಿ ಬರೆದುಕೊಂಡರು.

ಅದೇ ಹೊತ್ತಿಗೆ ರಾಯರೂ ಒಂದು ಫೋನ್ ಮಾಡುತ್ತಿದ್ದರು. ಮೇಜಿನ ಮೇಲೆ ಟೆಂಡರಿನ ನಕ್ಷೆ ಹರಡಿತ್ತು, ಒಂದು ಕೈಯಲ್ಲಿ ಅರ, ಕಿವಿ ಮತ್ತು ಭುಜದ ನಡುವೆ ಫೋನು.

"ಎಷ್ಟು ಬೇಕು ಸಾರ್?" ಎಂದ ಕಲ್ಲಿದ್ದಲು ವ್ಯಾಪಾರಿ.

ರಾಯರ ಕಣ್ಣು ನಕ್ಷೆಯ ಮೇಲಿತ್ತು. "ಏಳು ಟನ್," ಎಂದರು ಅವರು.

ಭಾನುವಾರ ಬಂತು. ಹಳಿ ಹಾಕಿ ಆಗಿತ್ತು. ಓಣಿಯ ಅಂಚಿನಲ್ಲಿ ಮರದ ತುಂಡುಗಳ ಮೇಲೆ ಅಂಗೈ ಅಗಲದ ಅಂತರದಲ್ಲಿ ಎರಡು ಕಂಬಿಗಳು ಶೆಡ್ಡಿನೊಳಗಿಂದ ಹೊರಟು ಮೆಟ್ಟಿಲುಗಳನ್ನು ಬಳಸಿಕೊಂಡು ಅಧ್ಯಕ್ಷರ ಗೇಟಿನ ತನಕ ಹೋಗಿದ್ದವು. ಇಷ್ಟು ಕಿರಿದಾದ ಹಳಿಯನ್ನು ಕಂಡ ಮೇಲಾದರೂ ಓಣಿಗೆ ಅನುಮಾನ ಬರಬೇಕಿತ್ತು. ಆದರೆ ಇದು ಗುರುತಿಗೆ ಹಾಕಿದ್ದು, ನಿಜವಾದ ಹಳಿ ಆಮೇಲೆ ಬರುತ್ತದೆ ಎಂದು ಅಧ್ಯಕ್ಷರು ವಿವರಿಸಿದ ಮೇಲೆ ಎಲ್ಲರೂ ಸಮಾಧಾನಗೊಂಡಿದ್ದರು. ಅಷ್ಟರಲ್ಲಿ ಲಾರಿ ಬಂತು. ಓಣಿಯೊಳಗೆ ನುಗ್ಗಲಾರದೆ ಬಾಯಿಯಲ್ಲೇ ನಿಂತು, ಬೆನ್ನೆತ್ತಿ, ಅಧ್ಯಕ್ಷರ ಗೇಟಿನ ಎದುರು ಏಳು ಟನ್ ಕಲ್ಲಿದ್ದಲನ್ನು ಸುರಿಯಿತು.

ರಾಯರು ಓಡಿ ಬಂದರು. ಕರಿಗುಡ್ಡದಿಂದ ಒಂದು ಹೆಂಟೆ ಎತ್ತಿಕೊಂಡು ನೋಡಿದರು.

"ನಾಲ್ಕು ಕೆಜಿ ಸಾಕಿತ್ತಪ್ಪಾ. ನಾನು ಏಳು ಟನ್ ಅಂದಿದ್ದನ್ನ ಉದ್ದಕ್ಕೆ, ಅಗಲಕ್ಕೆ, ಎತ್ತರಕ್ಕೆ ಅಂತ ಹನ್ನೆರಡರಿಂದ ಮೂರು ಸಲ ಭಾಗಿಸ್ಬೇಕಿತ್ತು."

"ಭಾಗಿಸೋದು ನಮ್ಮ ಕೆಲಸ ಅಲ್ಲ ಸಾರ್," ಎಂದ ಲಾರಿಯವನು ವಿನಯದಿಂದ. "ನಮ್ದು ಸುರಿಯೋದು."

ಅಧ್ಯಕ್ಷರು ತಮ್ಮದೇ ಗೇಟಿನ ಮೇಲೆ ಹತ್ತಿ ಇಳಿದು ಹೊರಬಂದರು. ಸಿಟ್ಟಾಗಬೇಕಾದವರು ಗುಡ್ಡವನ್ನು ನೋಡಿ ಉಬ್ಬಿದರು. "ಕೊನೇ ನಿಲ್ದಾಣ ಅಂದ್ಮೇಲೆ ಕಲ್ಲಿದ್ದಲು ದಾಸ್ತಾನು ಇರ್ಲೇಬೇಕು," ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿದರು.

ರಾಯರ ಹೆಂಡತಿ ಗುಡ್ಡವನ್ನು ನೋಡಿದಳು, ಗಂಡನನ್ನು ನೋಡಿದಳು, ಏನೂ ಹೇಳದೆ ಒಳಗೆ ಹೋದಳು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳು ಏನೂ ಹೇಳದೆ ಒಳಗೆ ಹೋದದ್ದು ಇದೇ ಮೊದಲು. ಭಾವಮೈದ ಮಾತ್ರ ಹುರುಪಿನಿಂದ ಟೆಂಪೋದಿಂದ ಕುರ್ಚಿಗಳನ್ನು ಇಳಿಸುತ್ತಿದ್ದ. "ಸದ್ಯಕ್ಕೆ ಜನ ಕೂತ್ಕೊಳ್ಳಿ ಭಾವ. ಸಂಜೆಗೆ ಹೇಗೂ ಶೆಡ್ಡಿಗೇ ಹೋಗ್ತವಲ್ಲ."

ಆಗ ಒಂದು ಜೀಪು ಬಂದು ಕಲ್ಲಿದ್ದಲ ಗುಡ್ಡದ ಆಚೆ ನಿಂತಿತು. ಹೆಲ್ಮೆಟ್ ಹಾಕಿದ ಬಾಯ್ಲರ್ ಇನ್ಸ್‌ಪೆಕ್ಟರ್, ಅವರ ಹಿಂದೆ ಉದ್ದನೆಯ ಏಣಿ ಹೊತ್ತ ಒಬ್ಬ ಸಿಬ್ಬಂದಿ, ಇಬ್ಬರೂ ಗುಡ್ಡ ಹತ್ತಿ ಈಚೆ ಇಳಿದರು. ಇನ್ಸ್‌ಪೆಕ್ಟರ್ ಮುಖ ಬಿಗಿದಿತ್ತು. ಕಾರ್ಖಾನೆಗಳ ಬಾಯ್ಲರುಗಳನ್ನು ಸುತ್ತಿ ಸುತ್ತಿ ಹಣ್ಣಾದ ಮನುಷ್ಯ, ಭಾನುವಾರ ಮನೆಯಲ್ಲಿ ಮಲಗಬೇಕಾದವರು.

"ಎಲ್ಲಿದೆ ಬಾಯ್ಲರು?"

"ಶೆಡ್ಡಲ್ಲಿ," ಎಂದರು ರಾಯರು.

ಇನ್ಸ್‌ಪೆಕ್ಟರ್ ಶೆಡ್ಡನ್ನು ನೋಡಿದರು. ಏಣಿಯವನು ಏಣಿಯನ್ನು ನೋಡಿದ. ಏಣಿ ಶೆಡ್ಡಿಗಿಂತ ಉದ್ದವಿತ್ತು.

ರಾಯರು ಆರು ವರ್ಷದ ಮೇಲೆ ಬಾಗಿಲು ತೆರೆದರು. ಓಣಿಯೆಲ್ಲ ಮುಗಿಬಿದ್ದಿತು. ರಾಯರು ಮೇಜಿನ ಬಳಿ ಹೋಗಿ ಬೆಡ್‌ಶೀಟ್ ಎಳೆದರು.

ಹಸಿರು ಬಣ್ಣದ ಮೈ, ತಾಮ್ರದ ಪಟ್ಟಿ, ಹಿತ್ತಾಳೆಯ ಗುಮ್ಮಟ, ಕೂದಲಿನಷ್ಟು ತೆಳ್ಳಗಿನ ಕೊಳವೆಗಳು, ಒಂದೊಂದೂ ಕೈಯಾರೆ ತಿರುಗಿಸಿ ಕೂರಿಸಿದ ಸಾವಿರ ಸ್ಕ್ರೂಗಳು. ಬಾಗಿಲ ಬೆಳಕು ಬಿದ್ದು ಅದು ಥಳಥಳ ಹೊಳೆಯಿತು. ಟೈಲರ್ ಕೊರಳಿನ ಟೇಪು ತೆಗೆದು, ಅಭ್ಯಾಸಬಲದಿಂದ, ಮೂತಿಯಿಂದ ಬಾಲದ ತನಕ ಅಳೆದ.

"ಐದೂವರೆ ಅಡಿ," ಎಂದ.

ಅಧ್ಯಕ್ಷರು ಇಂಜಿನ್ನಿನ ಹಿಂದೆ ಬಗ್ಗಿ ನೋಡಿದರು, ಮೇಜಿನ ಕೆಳಗೂ ನೋಡಿದರು.

"ಒಂದು ವಿಷಯ ಸ್ಪಷ್ಟ ಆಗ್ಬೇಕು," ಎಂದರು. "ಉಳಿದದ್ದು ಎಲ್ಲಿ?"

"ಉಳಿದದ್ದು ಅಂದ್ರೆ?"

"ಎಂಬತ್ತು ಟನ್ನಲ್ಲಿ ಉಳಿದದ್ದು."

ರಾಯರಿಗೆ ಆಗ ಎಲ್ಲ ಅರ್ಥವಾಯಿತು. ಇಡೀ ಓಣಿ ಬಾಗಿಲಿಗೆ ಬಂದದ್ದು, ಮುಗಿದ ಕೈಗಳು, ಭಯಭಕ್ತಿ, ಎಲ್ಲ. ಹಿಂದಿನಿಂದ ಯಾರೋ ಕಿಸಕ್ಕೆಂದು ನಕ್ಕರು. ನಗು ಬಾಗಿಲಿನಿಂದ ಓಣಿಗೆ ಇಳಿದು ಮನೆಯಿಂದ ಮನೆಗೆ ಹೋಯಿತು. "ಆವತ್ತೇ ಹೇಳಿದ್ನಲ್ಲ, ಆಟದ..." ಎಂದು ಟೈಲರ್ ಶುರು ಮಾಡಿ, ರಾಯರ ಮುಖ ನೋಡಿ ನಿಲ್ಲಿಸಿದ. ಅಧ್ಯಕ್ಷರ ನಿಲ್ದಾಣ ಕೈತಪ್ಪಿತ್ತು, ಪರಿಹಾರದವರ ಮನೆಗಳು ಮತ್ತೆ ಗಟ್ಟಿಯಾಗಿದ್ದವು. ಎಲ್ಲರಿಗೂ ಮೋಸ ಹೋದಂತಾಗಿತ್ತು. ರಾಯರು ಬೆಡ್‌ಶೀಟನ್ನು ಎದೆಗವಚಿಕೊಂಡು ನಿಂತಿದ್ದರು. ಅವರಿಗೆ ಅಳು ಬರುವಷ್ಟು ಅವಮಾನವಾಗಿತ್ತು.

ಇನ್ಸ್‌ಪೆಕ್ಟರ್ ಹೆಲ್ಮೆಟ್ ತೆಗೆದರು. "ಯಜಮಾನ್ರೆ, ಇದು ನಮ್ಮ ಲೆಕ್ಕಕ್ಕೆ ಬರಲ್ಲ. ತೀರಾ ಚಿಕ್ಕದು. ಕಾನೂನಿನ ಪ್ರಕಾರ ಇದು ಬಾಯ್ಲರೇ ಅಲ್ಲ."

ಇದು ಕಡೆಯ ಪೆಟ್ಟು. ಜನ ನಕ್ಕರೆ ಸಹಿಸಬಹುದು, ಕಾನೂನೂ ನಕ್ಕರೆ ಏನು ಮಾಡುವುದು? ರಾಯರು ಬೆಡ್‌ಶೀಟ್ ಎಸೆದು ಬಾಗಿಲಿಗೆ ಅಡ್ಡ ನಿಂತರು.

"ಬಾಯ್ಲರ್ ಅಲ್ಲ ಅಂದ್ರೆ ಹೇಗೆ ಸಾಹೇಬ್ರೆ? ಸರಿಯಾಗಿ ನೋಡಿ. ಒಳಗೆ ಹೊಗೆ ಕೊಳವೆ ಇದಾವೆ. ಸೇಫ್ಟಿ ವಾಲ್ವ್ ಎರಡಿದಾವೆ. ನೀರು ಕಮ್ಮಿ ಆದ್ರೆ ಸಿಡಿಯುತ್ತೆ. ತುಂಬಾ ಅಪಾಯಕಾರಿ ಇದು. ನೀವು ಹೀಗೆ ಬಿಟ್ಟು ಹೋದ್ರೆ ಹೇಗೆ? ಬೇಕಾದ್ರೆ ಫೇಲ್ ಮಾಡಿ. ಆದ್ರೆ ಪರೀಕ್ಷೆ ಮಾಡಿ."

ತನ್ನ ಬಾಯ್ಲರ್ ಅಪಾಯಕಾರಿ ಎಂದು ಅಂಗಲಾಚುವ ಮನುಷ್ಯನನ್ನು ಇನ್ಸ್‌ಪೆಕ್ಟರ್ ಈವರೆಗೆ ನೋಡಿರಲಿಲ್ಲ. ಅವರು ಕಾರ್ಖಾನೆಗಳಲ್ಲಿ ನೋಡಿದ್ದೆಲ್ಲ ಇದಕ್ಕೆ ತದ್ವಿರುದ್ಧ. ನಿಧಾನಕ್ಕೆ ಮೊಣಕಾಲೂರಿ ಕೂತು, ಬೆಂಕಿಗೂಡಿನ ಅಂಗೈ ಅಗಲದ ಬಾಗಿಲನ್ನು ಬೆರಳಿನಿಂದ ತೆರೆದು ಒಳಗೆ ಇಣುಕಿದರು. ಬಹಳ ಹೊತ್ತು ಹಾಗೇ ಇದ್ದರು. ಎದ್ದಾಗ ಅವರ ಮುಖದ ಬಿಗಿ ಹೋಗಿತ್ತು.

"ಬೆಂಕಿ ಹಾಕಿ ನೋಡೋಣ," ಎಂದರು.

"ಇನ್ನೇನು ನೋಡೋದು ಸಾಹೇಬ್ರೆ," ಎಂದ ಭಾವಮೈದ. ಅವನು ಆಗಲೇ ಟೈಲರನ ಟೇಪು ಇಸಿದುಕೊಂಡು ಶೆಡ್ಡಿನ ಒಳಗೋಡೆ ಅಳೆಯುತ್ತಿದ್ದ. ಓಣಿಯವರೂ ಮನೆಯ ಕಡೆ ಮುಖ ತಿರುಗಿಸಿದ್ದರು.

ಅಷ್ಟರಲ್ಲಿ ರಾಯರ ಹೆಂಡತಿ ಚಹಾದ ಕೆಟಲು ಹಿಡಿದು ಹೊರಗೆ ಬಂದಳು.

"ಎಲ್ರೂ ಕೂತ್ಕೊಳ್ಳಿ. ಕುರ್ಚಿ ತಂದಿರೋದು ಯಾಕೆ? ನಾನು ಆರು ವರ್ಷ ಕಾದಿದೀನಿ, ನಿಮಗೆ ಅರ್ಧ ಗಂಟೆ ಕಾಯೋಕೆ ಕಷ್ಟಾನಾ?"

ದನಿ ದೊಡ್ಡದಾಗಿರಲಿಲ್ಲ. ಆದರೆ ಎಲ್ಲರೂ ಕೂತರು. ರಾಯರು ಹೆಂಡತಿಯ ಕಡೆ ನೋಡಿದ ನೋಟದಲ್ಲಿ ಇಡೀ ಸರ್ವೀಸಿನ ಕೃತಜ್ಞತೆ ಇತ್ತು. ಅವಳು ಅದನ್ನು ಗಮನಿಸದವಳಂತೆ ಚಹಾ ಬಗ್ಗಿಸಿದಳು.

ಅಧ್ಯಕ್ಷರೂ ಏಣಿಯವನೂ ಸೇರಿ ಇಂಜಿನ್ನನ್ನು ಎತ್ತಿ ತಂದು, ಮೂತಿ ಅಧ್ಯಕ್ಷರ ಗೇಟಿನ ಕಡೆ ಬರುವಂತೆ ಹಳಿಯ ಮೇಲಿಟ್ಟರು. ಅದರ ಬೆನ್ನಿಗೆ ಟೆಂಡರು, ಟೆಂಡರಿನ ಬೆನ್ನಿಗೆ ಚಾಲಕ ಕೂರುವ ಚಕ್ರದ ಹಲಗೆ. ಇನ್ಸ್‌ಪೆಕ್ಟರ್ ಸ್ವತಃ ಏಳು ಟನ್ನಿನ ಗುಡ್ಡದಿಂದ ಎರಡು ಹೆಂಟೆ ಆರಿಸಿ ತಂದು, ಸುತ್ತಿಗೆಯಿಂದ ಕಡಲೆ ಗಾತ್ರಕ್ಕೆ ಕುಟ್ಟಿಕೊಟ್ಟರು. ರಾಯರು ಚಮಚದಲ್ಲಿ ಕಲ್ಲಿದ್ದಲು ಉಣಿಸಿದರು. ಹೊಗೆ ಎದ್ದಿತು. ಹಬೆಯ ಒತ್ತಡ ತೋರಿಸುವ ಗುಂಡು ಮೀಟರಿನ ಮುಳ್ಳು ಅಲ್ಲಾಡಿತು, ಏರಿತು. ಇದ್ದಕ್ಕಿದ್ದಂತೆ ಸೇಫ್ಟಿ ವಾಲ್ವ್ ಬಾಯಿ ಬಿಟ್ಟು ಬುಸ್ಸೆಂದು ಹಬೆ ಆಳೆತ್ತರಕ್ಕೆ ಹಾರಿತು. ಅಧ್ಯಕ್ಷರು ಕುರ್ಚಿಯ ಹಿಂದೆ ಅಡಗಿದರು. ಕುರ್ಚಿಯಲ್ಲಿದ್ದ ಪರಿಹಾರದವರು ಅವರ ಹಿಂದೆ ಅಡಗಿದರು.

"ಪಾಸು," ಎಂದರು ಇನ್ಸ್‌ಪೆಕ್ಟರ್ ಗಂಭೀರವಾಗಿ. "ಮುದ್ರೆ ತಂದಿಲ್ಲ. ಬಾಯಲ್ಲೇ ಹೇಳ್ತಿದೀನಿ."

ರಾಯರು ಟೋಪಿ ಹಾಕಿಕೊಂಡರು. ಹಲಗೆಯ ಮೇಲೆ ಎರಡೂ ಕಡೆ ಕಾಲು ಹಾಕಿ ಕೂತರು. ಎದುರಿಗೆ ಇಡೀ ಓಣಿ. ಸೀಟಿಯ ತಂತಿ ಎಳೆದರು. ಅದು ಐದು ಮೈಲಿ ಕೇಳಿಸಲಿಲ್ಲ, ಆದರೆ ಓಣಿಯ ಕೊನೆಯ ತನಕ ಇಂಪಾಗಿ ಕೇಳಿಸಿತು. "ಪಂಚಮ," ಎಂದು ಸಂಗೀತದ ಟೀಚರ್ ಕಣ್ಣು ಮುಚ್ಚಿದರು. ರಾಯರು ಲಿವರನ್ನು ಮುಂದಕ್ಕೆ ತಳ್ಳಿದರು.

ಇಂಜಿನ್ನು ಛುಕ್ ಎಂದಿತು. ಮತ್ತೆ ಛುಕ್ ಎಂದಿತು. ಆಮೇಲೆ ಸರಾಗವಾಗಿ, ಗಾಂಭೀರ್ಯದಿಂದ, ಹಿಂದಕ್ಕೆ ಹೊರಟಿತು.

ರಾಯರಿಗೆ ತಕ್ಷಣ ಹೊಳೆಯಲಿಲ್ಲ. ಲಿವರು ಮುಂದಿತ್ತು, ಅವರ ಮುಖವೂ ಮುಂದಿತ್ತು, ಜನ ಮಾತ್ರ ದೂರವಾಗುತ್ತಿದ್ದರು. ರೈಲಿನ ವಿಷಯ ತಿಳಿಯದ ಓಣಿಯವರು ಇದು ಹೀಗೇ ಇರಬೇಕೆಂದುಕೊಂಡು ಎದ್ದು ನಿಂತು ಕೈಬೀಸಿ ಬೀಳ್ಕೊಟ್ಟರು. ರಾಯರೂ ಅಭ್ಯಾಸವಿಲ್ಲದ ಗೌರವಕ್ಕೆ ಮರುಳಾಗಿ ಕೈಬೀಸುತ್ತಲೇ ತಮ್ಮ ಶೆಡ್ಡಿನ ಬಾಗಿಲ ಕತ್ತಲೆಯೊಳಗೆ ಬೆನ್ನು ಹಾಕಿ ಮಾಯವಾದರು. ಹಳಿಯ ತುದಿ ಶೆಡ್ಡಿನ ಒಳಗಿತ್ತು. ಹಳಿಯ ತುದಿಯಲ್ಲಿ ಬಾಗಿಲಿಗೆ ಬೆನ್ನು ಮಾಡಿ, ಟೇಪು ಹಿಡಿದು, ಭಾವಮೈದ ನಿಂತಿದ್ದ.

ಒಳಗಿನಿಂದ "ಅಯ್ಯೋ ಅಕ್ಕಾ" ಎನ್ನುವ ಕೂಗು ಬಂತು. ಮೊಣಕಾಲ ಹಿಂಬದಿಗೆ ಹಲಗೆ ತಾಗಿದವನು ಇನ್ನೇನು ಮಾಡಿಯಾನು, ಅದರ ಮೇಲೇ ಕುಕ್ಕರಿಸಿದ. ಗಾಬರಿಯಲ್ಲಿ ರಾಯರು ಲಿವರನ್ನು ಹಿಂದಕ್ಕೆ ಎಳೆದರು. ಇಂಜಿನ್ನು ಒಂದು ಕ್ಷಣ ಯೋಚಿಸಿ ಮುಂದಕ್ಕೆ ಹೊರಟಿತು. ಓಣಿ ಕಣ್ಣರಳಿಸಿ ನೋಡುತ್ತಿದ್ದಂತೆ, ಶೆಡ್ಡಿನಿಂದ ಮೊದಲು ಹೊಗೆ, ಆಮೇಲೆ ಸೀಟಿ, ಆಮೇಲೆ ಟೋಪಿ ಹಾಕಿದ ರಾಯರು, ಕೊನೆಗೆ ರಾಯರ ಬೆನ್ನಿಗೆ ಬೆನ್ನು ಕೊಟ್ಟು, ಹಿಂದುಮುಂದಾಗಿ ಕೂತು, ಕೈಯಿಂದ ಉದ್ದಕ್ಕೆ ಟೇಪು ಇಳಿಬಿಟ್ಟುಕೊಂಡ ಭಾವಮೈದ ಹೊರಬಂದರು. ಗಾಡಿ ಟೈಲರ್ ಅಂಗಡಿಯ ಮುಂದೆ ಕೊಟ್ಟ ಮಾತಿನಂತೆ ನಿಂತಿತು. ಟೈಲರ್ ಮೆಲ್ಲಗೆ ತನ್ನ ಟೇಪನ್ನು ವಾಪಸು ತೆಗೆದುಕೊಂಡ. ಮತ್ತೆ ಹೊರಟು, ಟೀಚರ ಮನೆಯ ಮುಂದೆ ಪಂಚಮದಲ್ಲಿ ಕೂಗಿ, ಅಧ್ಯಕ್ಷರ ಗೇಟಿನ ಎದುರು ಕಲ್ಲಿದ್ದಲ ಗುಡ್ಡಕ್ಕೆ ಮೂತಿ ತಾಗಿಸಿ ವಿಶ್ರಮಿಸಿತು.

"ಕೊನೇ ನಿಲ್ದಾಣ," ಎಂದು ಘೋಷಿಸಿ ಅಧ್ಯಕ್ಷರು ಮೊದಲು ಚಪ್ಪಾಳೆ ತಟ್ಟಿದರು. ಆಮೇಲೆ ಓಣಿಯೇ ತಟ್ಟಿತು.

"ಬೆನ್ನ ಮೇಲೆ ಮಲಗಿಸಿ ಜೋಡಿಸಿದ್ರಾ?" ಎಂದು ಇನ್ಸ್‌ಪೆಕ್ಟರ್ ಮೆತ್ತಗೆ ಕೇಳಿದರು.

ರಾಯರು ತಲೆಯಾಡಿಸಿದರು. ಇಂಜಿನ್ನನ್ನು ತಲೆಕೆಳಗಾಗಿ ಇಟ್ಟುಕೊಂಡು, ಚಕ್ರ ಮುಂದಕ್ಕೆ ತಿರುಗುವುದನ್ನು ನೋಡಿಯೇ ಅವರು ಲಿವರಿನ ಸಂಬಂಧ ಕೂಡಿಸಿದ್ದರು. ನೆಟ್ಟಗೆ ನಿಲ್ಲಿಸಿದಾಗ ಮುಂದಿನದು ಹಿಂದಾಗುತ್ತದೆ ಎಂದು ಅವರಿಗೆ ಹೊಳೆದಿರಲಿಲ್ಲ.

ಈ ಮಾತು ಭಾವಮೈದನ ಕಿವಿಗೆ ಬಿತ್ತು. ಅವನು ಹಲಗೆಯಿಂದೆದ್ದು ಪ್ಯಾಂಟಿನ ಮಸಿ ಕೊಡವಿಕೊಂಡು ಅಕ್ಕನ ಎದುರು ಬಂದು ನಿಂತ.

"ನೋಡಕ್ಕ, ನೀನೇ ನ್ಯಾಯ ಹೇಳು. ಮುಂದಕ್ಕೆ ಅಂದ್ರೆ ಹಿಂದಕ್ಕೆ ಹೋಗುತ್ತೆ. ಇದು ಓಡಿದ ಲೆಕ್ಕಾನಾ?"

ಚಪ್ಪಾಳೆ ನಿಂತಿತು. ರಾಯರು ಲಿವರನ್ನು ಬಿಗಿಯಾಗಿ ಹಿಡಿದುಕೊಂಡರು.

"ಓಡ್ಬೇಕು ಅಂದಿದ್ದೆ," ಎಂದಳು ಅವಳು ಯೋಚಿಸಿ. "ಯಾವ ಕಡೆಗೆ ಅಂತ ನಾನು ಹೇಳಿರ್ಲಿಲ್ಲ."

"ಹಾಗಂದ್ರೆ ಶೆಡ್ಡು? ನನ್ನ ಕುರ್ಚಿ? ಯಾವತ್ತಾದ್ರೂ ಒಂದು ದಿನ ಸಿಗುತ್ತೋ ಇಲ್ವೋ, ಅದನ್ನಾದ್ರೂ ಹೇಳು."

ಅವಳು ಗೇಟು ಮುಚ್ಚಿ ನಿಂತಿದ್ದ ಕರಿಗುಡ್ಡವನ್ನು ಬುಡದಿಂದ ತುದಿಯ ತನಕ ನೋಡಿದಳು.

"ರೀ, ವಾರಕ್ಕೆ ಒಂದ್ಸಲ ಓಡ್ಸಿದ್ರೆ ಎಷ್ಟು ಕಲ್ಲಿದ್ದಲು ಬೇಕು?"

ರಾಯರ ಬಾಯಿಗೆ ಟನ್ನು ಬಂದಿತ್ತು. ಅದನ್ನು ನುಂಗಿಕೊಂಡು, ಬೆರಳು ಮಡಚುತ್ತ, ಜನ್ಮದಲ್ಲಿ ಮೊದಲ ಸಲ ಬಾಯಲ್ಲೂ ಭಾಗಿಸಿದರು.

"ಎರಡು ಕೆಜಿ. ವರ್ಷಕ್ಕೆ ನೂರು ಕೆಜಿ ಅಂತಿಟ್ಕೋ."

"ಹಂಗಂದ್ರೆ ಇದೆಲ್ಲ ಮುಗಿಯೋಕೆ?"

"ಎಪ್ಪತ್ತು ವರ್ಷ."

ಅವಳು ತಮ್ಮನ ಕಡೆ ತಿರುಗಿದಳು.

"ಕೇಳಿಸ್ತಲ್ಲ. ಇದು ಮುಗಿದ ಮಾರನೇ ದಿನ ಬಾ, ಬೀಗದ ಕೈ ಕೊಡ್ತೀನಿ."